ಇರ್ಲಿ ಅಂತ ಇಟ್ಟ ಕೊಳವೆ

ಕಳೆದ ತಿಂಗಳು ಸಕ್ಕರೆ ಪರೀಕ್ಷೆ ಮಾಡಿಸಲು ಶಾಮನೂರು ರಸ್ತೆಯ ಹೊಸ ಲ್ಯಾಬೊಂದಕ್ಕೆ ಹೋಗಿದ್ದೆ. ಗಾಜಿನ ಬಾಗಿಲು, ಎ.ಸಿ., ನಂಬರು ಕೂಗುವ ಯಂತ್ರ, ಎಲ್ಲವೂ ಹೊಸತು. ಆದರೆ ಒಳಕೋಣೆಯ ಬಾಗಿಲು ಒಮ್ಮೆ ತೆರೆದು ಮುಚ್ಚಿದಾಗ ಬಂದ ವಾಸನೆ ನನಗೆ ಗೊತ್ತಿದ್ದದ್ದೇ. ಜೀವಾಣು ಬೆಳೆಸಲು ಕುದಿಸಿದ ಮಾಂಸದ ಸಾರಿನ ಹಬೆ, ಅದರ ಮೇಲೆ ಲೈಸಾಲಿನ ಘಾಟು. ಇದಕ್ಕೆ ಒಂದಿಷ್ಟು ಒಣಮೆಣಸಿನಕಾಯಿಯ ಧೂಳು ಬೆರೆತಿದ್ದರೆ ಕಣ್ಣು ಮುಚ್ಚಿದ ಕೂಡಲೇ ನಾನು ಇಪ್ಪತ್ತೆರಡರ ಹುಡುಗಿಯಾಗಿಬಿಡುತ್ತಿದ್ದೆ.

ರಕ್ತ ತೆಗೆಯುವ ಹುಡುಗಿ ಒಂದು ಕೊಳವೆ ತುಂಬಿಸಿದವಳು ಇನ್ನೊಂದನ್ನೂ ತುಂಬಿಸಿಕೊಂಡಳು.

"ಎರಡನೇದು ಯಾತಕ್ಕಮ್ಮ?" ಎಂದೆ.

"ಇರ್ಲಿ ಅಂತ, ಆಂಟಿ," ಎಂದಳು.

ನಾನು ಜೋರಾಗಿ ನಕ್ಕುಬಿಟ್ಟೆ. ಪಾಪ, ಅವಳಿಗೆ ಗಾಬರಿ. ಈ ಮುದುಕಿಗೆ ಸಕ್ಕರೆ ತಲೆಗೇರಿದೆ ಎಂದುಕೊಂಡಿರಬೇಕು. ಆ ಎರಡು ಮಾತಿನ ಮೇಲೆ ನಾನು ಒಂದು ಇಡೀ ಮಳೆಗಾಲ ಪಾಠ ಕಲಿತವಳು ಎಂದು ನಂಬರು ಕೂಗುವ ಯಂತ್ರದ ಮುಂದೆ ಕೂತು ಹೇಗೆ ಹೇಳಲಿ? ಮನೆಗೆ ಬಂದು ಬರೆಯಲು ಕುಳಿತೆ.

ಅದು ಎಂಬತ್ತನೇ ಇಸವಿ. ನಾನು ಹರಿಹರದವಳು, ಹೆಸರು ನಾಗರತ್ನ, ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿತ್ತು. ಅಪ್ಪ ದೇವಸ್ಥಾನದ ರಸ್ತೆಯಲ್ಲಿ ದರ್ಜಿ. ಆ ವರ್ಷ ಅವರ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲೂ ಆಗದೆ, ಮಿಷನ್ನಿಗೆ ಬಟ್ಟೆ ಹೊದಿಸಿ ಇಟ್ಟುಬಿಟ್ಟಿದ್ದರು. ನನ್ನ ಕೆಳಗೆ ಇಬ್ಬರು ತಂಗಿಯರು ಶಾಲೆಗೆ ಹೋಗುತ್ತಿದ್ದರು. ದಾವಣಗೆರೆಯ ಒಂದು ಲ್ಯಾಬಿನಲ್ಲಿ ನನಗೆ ಸಿಕ್ಕಿದ್ದ ಕೆಲಸದಿಂದಲೇ ಮನೆ ನಡೆಯಬೇಕಿತ್ತು. ಅದೂ ಖಾಯಂ ಕೆಲಸವಲ್ಲ. "ನೋಡೋಣ, ಒಂದು ವರ್ಷ ಇರಮ್ಮ" ಎಂದಿದ್ದರು ಡಾಕ್ಟರು. ಹಾಗಾಗಿ ದಿನಾ ಬೆಳಿಗ್ಗೆ ಬಸ್ಸು ಹತ್ತುವಾಗ ದೇವಸ್ಥಾನದ ದಿಕ್ಕಿಗೆ ಒಂದು ಕೈ ಮುಗಿದೇ ಹತ್ತುತ್ತಿದ್ದೆ.

ಲ್ಯಾಬು ಇದ್ದದ್ದು ಮಂಡಿಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಮಹಡಿಯ ಮೇಲೆ. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ. ಅವರು ಒಂದು ಚೀಲ ಎತ್ತಿ ಹಾಕಿದರೆ ಮೇಲೆ ನಾವು ಮೂವರೂ ಸೀನುತ್ತಿದ್ದೆವು. ರೋಗಿಗಳು ಮೆಟ್ಟಿಲು ಹತ್ತುತ್ತಲೇ ಸೀನುತ್ತ ಬರುತ್ತಿದ್ದರು. ಯಜಮಾನರು ಡಾ. ಪಂಚಾಕ್ಷರಪ್ಪ. ಒಳ್ಳೆಯವರು, ಓದಿಕೊಂಡವರು, ಸ್ವಲ್ಪ ಹೆಸರಿನ ಆಸೆ ಇದ್ದವರು. ಇಷ್ಟು ಸಣ್ಣ ಜಾಗದಲ್ಲಿ ಕೂತುಕೊಂಡೇ ದೊಡ್ಡದೊಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಲೇಖನ ಬರಬೇಕು ಎನ್ನುವುದು ಅವರ ಬಹುದಿನದ ಕನಸಾಗಿತ್ತು.

ಮೂರನೆಯವರು ಗೌಸ್ ಸಾಬ್ರು. ಹಿರಿಯ ಟೆಕ್ನೀಷಿಯನ್. ಆಗ ಐವತ್ತರ ಹತ್ತಿರ ಇದ್ದಿರಬೇಕು. ಸಣಕಲು ದೇಹ, ಬಿಳಿ ಪೈಜಾಮ, ಮೇಲೊಂದು ಖಾಕಿ ಕೋಟು. ಅವರ ಮನೆತನದ್ದು ಚರ್ಮದ ವ್ಯಾಪಾರ. ಅಣ್ಣ ಮಂಡಿಪೇಟೆಯ ಆಚೆ ಕುರಿ ಚರ್ಮದ ಗೋದಾಮು ನಡೆಸುತ್ತಿದ್ದರು. ಗೌಸ್ ಸಾಬ್ರು ಹತ್ತು ವರ್ಷದವರಿದ್ದಾಗ ಅವರ ತಂದೆಗೆ ಕುತ್ತಿಗೆಯ ಮೇಲೆ ಒಂದು ಕಪ್ಪು ಬೊಕ್ಕೆ ಎದ್ದಿತಂತೆ. ನೋವಿಲ್ಲ, ಕೀವಿಲ್ಲ, ಸುಟ್ಟ ಇದ್ದಲಿನ ಹಾಗೆ ನಡುವೆ ಕಪ್ಪು. ನೋವೇ ಇಲ್ಲವಲ್ಲ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಐದನೇ ದಿನಕ್ಕೆ ತಂದೆ ಇಲ್ಲ. ಅದೇನು ರೋಗ ಎಂದು ತಿಳಿಯಲಿಕ್ಕೇ ತಾನು ಚರ್ಮದ ದಂಧೆ ಬಿಟ್ಟು ಲ್ಯಾಬು ಸೇರಿದೆ ಎಂದು ಅವರು ಹೇಳುತ್ತಿದ್ದರು. ಇಂಗ್ಲಿಷ್ ಅವರಿಗೆ ಬಾಟಲಿಯ ಚೀಟಿ ಓದುವಷ್ಟೇ ಬರುತ್ತಿತ್ತು. ಕನ್ನಡ, ಉರ್ದು ಎರಡನ್ನೂ ಎಷ್ಟು ದುಂಡಗೆ ಬರೆಯುತ್ತಿದ್ದರೆಂದರೆ ನನ್ನ ಅಕ್ಷರ ನೋಡಿ ನನಗೇ ನಾಚಿಕೆಯಾಗುತ್ತಿತ್ತು.

ಅವರ ಜೀವವೆಲ್ಲ ಇದ್ದದ್ದು ಒಂದು ಉದ್ದನೆಯ ರಿಜಿಸ್ಟರಿನಲ್ಲಿ. ಅದರಲ್ಲಿ ಐದು ಕಾಲಂ. ಏನು, ಎಲ್ಲಿಂದ, ಎಷ್ಟು, ಯಾರಿಗೆ, ಯಾತಕ್ಕೆ. ಲ್ಯಾಬಿನಲ್ಲಿ ಬೆಳೆಸಿದ್ದು, ಇಟ್ಟದ್ದು, ಕೊಟ್ಟದ್ದು, ಸುಟ್ಟದ್ದು ಎಲ್ಲಕ್ಕೂ ಒಂದೊಂದು ಸಾಲು. ಸೋಮವಾರ ಸೋಮವಾರ ಡಾಕ್ಟರ ಸಹಿ. ನಾನು ಸೇರಿದ ಹೊಸದರಲ್ಲಿ ಕೈ ನೋವೆಂದು ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಬಂದರೆ "ಸದರಿ" ಎಂದು ಬರೆದುಬಿಡುತ್ತಿದ್ದೆ, ಎಲ್ಲ ಆಫೀಸುಗಳಲ್ಲೂ ಬರೆಯುವಂತೆ. ಮೊದಲ ನಾಲ್ಕು ಕಾಲಮ್ಮಿಗೆ ಅವರು ಸುಮ್ಮನಿದ್ದರು. ಐದನೆಯದರಲ್ಲಿ ಬರೆದಾಗ ಕರೆದು ಕೂರಿಸಿದರು.

"ಯಾತಕ್ಕೆ ಅನ್ನೋದರಾಗ ಸದರಿ ಬರೀಬ್ಯಾಡವ್ವ. ಒಂದೊಂದಕ್ಕೂ ಅದರದೇ ಕಾರಣ ಇರ್ತೈತೆ. ಇಲ್ಲಾ ಅಂದ್ರೆ ಅದು ಇಲ್ಲಿ ಇರಾಕೇ ಬಾರ್ದು."

ನಾನು ಮೂಗು ಮುರಿದೆ. ಮಹಾ ಕೊಳವೆಗಳು, ಅದಕ್ಕೊಂದು ಜಾತಕ ಬೇರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇನ್ನೊಂದು ಮಾತು ಹೇಳಿಬಿಡಬೇಕು. ಜೀವಾಣುಗಳನ್ನು ಗಾಜಿನ ಕೊಳವೆಯಲ್ಲಿ ಬೆಳೆಸಿ ಇಡುವುದಕ್ಕೆ ಪುಸ್ತಕದಲ್ಲಿ ಕಲ್ಚರ್ ಎನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಹೆಪ್ಪು ಎಂದೇ ಹೆಸರು. ಹಳೆಯದರಿಂದ ಒಂದು ಚೂರು ತೆಗೆದು ಹೊಸದಕ್ಕೆ ಹಾಕಿದರೆ ಅದೂ ಬೆಳೆಯುತ್ತದೆ, ಮೊಸರಿನ ಹಾಗೇ. ಟೈಫಾಯ್ಡಿನ ಹೆಪ್ಪು, ಕಾಲರಾದ ಹೆಪ್ಪು ಎಂದು ನಾವು ಮಾತಾಡುವುದನ್ನು ಕೇಳಿ ಹೊಸ ರೋಗಿಗಳು ಬೆಚ್ಚಿಬೀಳುತ್ತಿದ್ದರು. ಮನೆಯಲ್ಲಿ ಹೆಪ್ಪು ಕೇಳಿ ಬಂದವರಿಗೆ ನಮ್ಮಮ್ಮ ಇಲ್ಲ ಎಂದದ್ದನ್ನು ನಾನು ನೋಡಿಯೇ ಇಲ್ಲ. ಜಗಳವಾಡಿದ ಪಕ್ಕದ ಮನೆಯವರಿಗೂ ಒಂದು ಚಮಚ ಕೊಡುತ್ತಿದ್ದರು. ಆ ಅಭ್ಯಾಸ ನನ್ನ ಕೈಯಲ್ಲೂ ಇತ್ತು, ಅದೇ ಮುಂದೆ ನನ್ನನ್ನು ಕೆಡವಿತು.

ಆ ವರ್ಷ ಮಾರ್ಚಿನಲ್ಲಿ, ಬಿಸಿಲು ಆಗಲೇ ಹೆಂಚು ಕಾದಂತೆ ಕಾಯುತ್ತಿದ್ದಾಗ, ಗೌಸ್ ಸಾಬ್ರು ರೇಡಿಯೊದಲ್ಲಿ ಉರ್ದು ವಾರ್ತೆ ಕೇಳಿಕೊಂಡು ಬಂದು ಒಂದು ಸುದ್ದಿ ಹೇಳಿದರು. ರಷ್ಯಾದ ಯಾವುದೋ ಊರಿನಲ್ಲಿ ಹಿಂದಿನ ವರ್ಷ ನೆರಡಿ ರೋಗದಿಂದ ಜನ ಸತ್ತಿದ್ದರಂತೆ. ಕೆಟ್ಟ ಮಾಂಸ ತಿಂದು ಸತ್ತರು ಎನ್ನುತ್ತಾರಂತೆ ರಷ್ಯಾದವರು. ಅಲ್ಲ, ಆಯುಧಕ್ಕೆಂದು ಬಚ್ಚಿಟ್ಟಿದ್ದ ಜೀವಾಣು ಹೊರಬಿದ್ದಿದೆ ಎನ್ನುತ್ತಾರಂತೆ ಅಮೆರಿಕದವರು. ನೆರಡಿ ಎಂದರೆ ಕುರಿ ದನಗಳಿಗೆ ಬರುವ ಆಂಥ್ರಾಕ್ಸ್, ಗೌಸ್ ಸಾಬ್ರ ತಂದೆಯನ್ನು ತಿಂದದ್ದು ಅದೇ. ಅದೇ ಹೊತ್ತಿಗೆ ಜಿನೀವಾದಲ್ಲಿ ದೇಶಗಳೆಲ್ಲ ಸೇರಿ, ಐದು ವರ್ಷದ ಕೆಳಗೆ ಜಾರಿಗೆ ಬಂದ ಜೈವಿಕ ಅಸ್ತ್ರ ನಿಷೇಧದ ಒಪ್ಪಂದ ಹೇಗೆ ನಡೆಯುತ್ತಿದೆ ಎಂದು ನೋಡುತ್ತಿದ್ದವು. ಡಾಕ್ಟರ ಮೇಜಿನ ಮೇಲಿದ್ದ ಒಂದು ಪತ್ರಿಕೆಯಲ್ಲಿ ಆ ಒಪ್ಪಂದದ ಮಾತುಗಳೇ ಅಚ್ಚಾಗಿದ್ದವು. ಊಟದ ಹೊತ್ತಿನಲ್ಲಿ ಗೌಸ್ ಸಾಬ್ರು ಅದನ್ನು ನನ್ನ ಮುಂದೆ ಇಟ್ಟರು.

"ಏನು ಬರದಾರ ಓದಿ ಹೇಳವ್ವ. ಕನ್ನಡದಾಗ ಹೇಳು."

"ರೋಗದ ಜೀವಾಣುಗಳನ್ನ ಆಯುಧ ಮಾಡಬಾರದು ಅಂತ ಸಾಬ್ರೇ. ರೋಗ ತಡೆಯೋಕೆ, ಔಷಧಿಗೆ, ಅಂಥ ಒಳ್ಳೆ ಕಾರಣ ಇಲ್ಲದೇ ಅದನ್ನ ಬೆಳೆಸಬಾರದು, ತಯಾರಿಸಬಾರದು..." ಎನ್ನುತ್ತ ಹೋದವಳು ಸ್ಟಾಕ್‌ಪೈಲ್ ಎನ್ನುವ ಪದದ ಹತ್ತಿರ ತಡವರಿಸಿದೆ. "ದಾಸ್ತಾನು ಮಾಡಬಾರದು," ಎಂದೆ.

"ದಾಸ್ತಾನು ಅಂದ್ರೆ ಈ ಕೆಳಗಿನ ಮೆಣಸಿನಕಾಯಿಯವರದು. ಧಾರಣಿ ಬಂದಾಗ ಮಾರಾಕ ಇಡ್ತಾರ. ಇದನ್ನ ಯಾಕ ಇಡ್ತಾರ?"

"ಈಗೇನೂ ಬೇಕಾಗಿರಲ್ಲ. ಮುಂದೆ ಯಾವಾಗಾದ್ರೂ ಬೇಕಾಗ್ಬಹುದು, ಇರ್ಲಿ ಅಂತ ಇಡ್ತಾರೆ."

"ಹಂಗೇ ಬರಿ ಮತ್ತೆ. ಇರ್ಲಿ ಅಂತ ಇಟ್ಕಬಾರ್ದು."

ನಾನು ನಕ್ಕೆ. ಅವರು ನಗಲಿಲ್ಲ. "ನಮ್ಮ ದೇಶಾನೂ ಸಹಿ ಹಾಕೈತಾ?" ಎಂದು ಕೇಳಿದರು. ಹಾಕಿದೆ ಎಂದೆ. "ಹಂಗಾದ್ರೆ ನಾವೂ ಹಾಕೀವಿ ಅಂತಾತು," ಎಂದು ಊಟದ ಡಬ್ಬಿ ಮುಚ್ಚಿದರು.

ಒಳಗಿನಿಂದ ಬಂದ ಡಾಕ್ಟರು ಇದನ್ನು ಕೇಳಿಸಿಕೊಂಡು, "ಅದೆಲ್ಲ ಬರೀ ಕಾಗದ ಗೌಸ್," ಎಂದರು. "ಅಣುಬಾಂಬಿನ ಒಪ್ಪಂದಕ್ಕಾದರೂ ತಪಾಸಣೆ ಮಾಡೋರಿದ್ದಾರೆ. ಇದಕ್ಕೆ ಒಬ್ಬ ಇನ್‌ಸ್ಪೆಕ್ಟರೂ ಇಲ್ಲ. ಈಗ ನೋಡಿ, ಜೀನ್ ಕತ್ತರಿಸಿ ಅಂಟಿಸೋ ವಿದ್ಯೆ ಬಂದಿದೆ. ಬ್ಯಾಕ್ಟೀರಿಯಾ ಕೈಲಿ ಇನ್ಸುಲಿನ್ ಮಾಡಿಸ್ತಿದ್ದಾರೆ. ನಾಳೆ ಇನ್ನೇನು ಮಾಡಿಸ್ತಾರೋ. ಒಂದು ಕೋಣೇಲಿ ಕೂತು ಮಾಡೋದನ್ನ ಯಾರು ಹೋಗಿ ನೋಡ್ತಾರೆ?"

"ರೋಜಾ ಉಪವಾಸಕ್ಕೆ ಇನ್‌ಸ್ಪೆಕ್ಟರ್ ಯಾರ್ರಿ ಸಾರ್?" ಎಂದರು ಗೌಸ್ ಸಾಬ್ರು. "ಬಾಗ್ಲು ಹಾಕ್ಕೊಂಡು ಒಂದು ಲೋಟ ನೀರು ಕುಡಿದ್ರೆ ಯಾರು ನೋಡ್ತಾರ? ಆದ್ರೂ ಹಿಡೀತಾರಲ್ಲ ಜನ."

ಡಾಕ್ಟರು ನಕ್ಕು, ಇವರ ಹತ್ತಿರ ಮಾತಿಗೆ ನಿಲ್ಲಬಾರದು ಎನ್ನುವಂತೆ ಕೈ ಆಡಿಸಿ ಹೋದರು. ನಾನೂ ಅಷ್ಟಕ್ಕೇ ಮರೆತೆ.

ಮುಂಗಾರಿನ ಮೊದಲ ಮಳೆ ಬಿದ್ದು ಹಸಿರು ಚಿಗುರುವ ಹೊತ್ತಿಗೆ ಆನಗೋಡಿನ ಕಡೆ ಕುರಿಗಳು ನಿಂತಲ್ಲೇ ಬಿದ್ದು ಸಾಯತೊಡಗಿದವು. ಮೂಗಿನಲ್ಲಿ ರಕ್ತ. ಸತ್ತ ಕುರಿಯ ಚರ್ಮ ಸುಲಿದು ಮಾರುವುದು ನಡೆದುಬಂದ ರೂಢಿ. ಹಾಗೆ ಸುಲಿದ ಚರ್ಮಗಳು ಗೌಸ್ ಸಾಬ್ರ ಅಣ್ಣನ ಗೋದಾಮಿಗೇ ಬಂದವು. ವಾರದೊಳಗೆ ಅಲ್ಲಿನ ಹಮಾಲನೊಬ್ಬ ಮೊಳಕೈ ಮಡಚಿಕೊಂಡು ನಮ್ಮ ಮೆಟ್ಟಿಲು ಹತ್ತಿದ. "ನೋವೇನಿಲ್ರಿ, ಸುಮ್ನೆ ಕರ್ರಗಾಗೈತೆ" ಎಂದ. ಆ ಬೊಕ್ಕೆ ನೋಡಿದ ಗೌಸ್ ಸಾಬ್ರ ಮುಖ ಹೇಗಾಯಿತೆಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮಾದರಿ ತೆಗೆದರು, ಪರೀಕ್ಷೆ ಮಾಡಿದರು, ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ನನಗೂ ತೋರಿಸಿದರು. ನೆರಡಿಯೇ. ಡಾಕ್ಟರು ಅವತ್ತೇ ಪೆನಿಸಿಲಿನ್ ಶುರು ಮಾಡಿದರು. ಆ ಮನುಷ್ಯ ಬದುಕಿದ, ಆಮೇಲೆ ಎಷ್ಟೋ ವರ್ಷ ಮಂಡಿಪೇಟೆಯಲ್ಲಿ ಎದುರಾದಾಗಲೆಲ್ಲ ತೋಳಿನ ಕಲೆ ತೋರಿಸಿ ನಗುತ್ತಿದ್ದ.

ಗೌಸ್ ಸಾಬ್ರು ಅಲ್ಲಿಗೆ ಬಿಡಲಿಲ್ಲ. ಪಶು ಆಸ್ಪತ್ರೆಯವರನ್ನು ಆನಗೋಡಿಗೆ ಕಳಿಸಿ ಉಳಿದ ಕುರಿಗಳಿಗೆ ಸೂಜಿ ಹಾಕಿಸಿದರು. ಅಣ್ಣನ ಮುಂದೆ ನಿಂತು, ಬಂದ ಚರ್ಮವನ್ನಷ್ಟೂ ಶಾಮನೂರಿನ ಆಚೆಯ ಇಟ್ಟಿಗೆ ಭಟ್ಟಿಗೆ ಹಾಕಿಸಿ ಸುಡಿಸಿದರು. ಅಣ್ಣ ಎಷ್ಟೋ ದಿನ ಇವರ ಜೊತೆ ಮಾತು ಬಿಟ್ಟಿದ್ದರು. ತಂದೆಯ ಹೆಸರು ಹೇಳಿ ಒಂದು ಹನಿ ಕಣ್ಣೀರು ಹಾಕಿದ್ದರೆ ಅಣ್ಣ ಕರಗುತ್ತಿದ್ದರೇನೋ. ಇವರು ಅದನ್ನೂ ಮಾಡಲಿಲ್ಲ. ಇಂಥವರೂ ಇರುತ್ತಾರಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ.

ಉಳಿದದ್ದು ಆ ಹಮಾಲನ ಮಾದರಿಯಿಂದ ನಮ್ಮ ಲ್ಯಾಬಿನಲ್ಲಿ ಬೆಳೆದಿದ್ದ, ನಾವು ಆನಗೋಡಿನದು ಎನ್ನುತ್ತಿದ್ದ ನೆರಡಿಯ ಹೆಪ್ಪು.

"ಒಂದು ಇಟ್ಟುಕೊಂಡರೆ ನನ್ನ ಲೇಖನಕ್ಕೆ ಆಗುತ್ತಿತ್ತು ಗೌಸ್," ಎಂದರು ಡಾಕ್ಟರು.

"ಲೇಖನಕ್ಕೆ ಬೇಕಾದ್ದೆಲ್ಲ ಬರಕೊಂಡೀರಿ, ಫೋಟೋ ತೆಗಿಸೀರಿ. ಇನ್ನು ಇದರ ಕೆಲ್ಸ ಮುಗೀತು ಸಾರ್. ಕಾಲಮ್ಮಿನಾಗ ಏನಂತ ಬರೀಲಿ?"

ಡಾಕ್ಟರು, "ಆಯ್ತು, ಸುಟ್ಟುಬಿಡಿ," ಎಂದರು.

ಸುಡುವುದೆಂದರೆ ಮೊದಲು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿಟ್ಟು ಕುದಿಸಿ ಸಾಯಿಸುವುದು, ಆಮೇಲೆ ಒಲೆಗೆ ಹಾಕುವುದು. ಆ ಕೆಲಸವನ್ನು ಗೌಸ್ ಸಾಬ್ರು ನನಗೆ ವಹಿಸಿದರು. ಕೊಳವೆಗಳನ್ನು ಜೋಡಿಸುತ್ತಿದ್ದಾಗ ನನಗೆ ಡಾಕ್ಟರ ಮುಖ ನೆನಪಾಯಿತು. ನಾಳೆ ಅವರು ಕೇಳಿದರೆ? ಇಷ್ಟು ಕಷ್ಟಪಟ್ಟು ಬೆಳೆಸಿದ್ದು. ನಮ್ಮ ಮನೆಯಲ್ಲಿ ಖಾಲಿ ಬಾಟಲಿ, ತುಂಡು ದಾರ, ಹಳೇ ಗುಂಡಿ ಒಂದನ್ನೂ ಎಸೆದವರಲ್ಲ ನಾವು. ಒಂದೇ ಒಂದು ಕೊಳವೆಯನ್ನು ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ತಳ್ಳಿಟ್ಟೆ. ಎಲ್ಲ ಸುಟ್ಟಿದೆ ಎಂದು ರಿಜಿಸ್ಟರಿನಲ್ಲಿ ಬರೆದೆ. ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಆ ವರ್ಷ ರಂಜಾನ್ ಮಳೆಗಾಲದಲ್ಲೇ ಬಂದಿತ್ತು. ಶುಕ್ರವಾರಗಳಂದು ಗೌಸ್ ಸಾಬ್ರು ಮಧ್ಯಾಹ್ನದ ನಮಾಜಿಗೆ ಹೋದವರು ಸಂಜೆ ನಾಲ್ಕರ ಮೇಲೆ ಬಂದು ಬೀಗ ಹಾಕಿಕೊಂಡು ಹೋಗುತ್ತಿದ್ದರು. ಅಂಥದೊಂದು ಶುಕ್ರವಾರ ಡಾಕ್ಟರೂ ಊರಲ್ಲಿರಲಿಲ್ಲ. ಮಧ್ಯಾಹ್ನ ವಸಂತರಾಯರು ಬಂದರು. ಬೊಂಬಾಯಿಯಿಂದ ಲ್ಯಾಬುಗಳಿಗೆ ಗಾಜಿನ ಸಾಮಾನು ತಂದು ಕೊಡುವವರು, ಎಲ್ಲರಿಗೂ ಪರಿಚಯದವರು, ಬಾಯ್ತುಂಬ ತಂಗಿ ಎನ್ನುವವರು.

"ತಂಗಿ, ಆನಗೋಡಿನ ಕುರಿ ರೋಗದ್ದು ನಿಮ್ಮಲ್ಲಿ ಬೆಳೆಸಿದ್ರಂತಲ್ಲ. ಸ್ವಲ್ಪ ಹೆಪ್ಪು ಇದ್ರೆ ಕೊಡ್ರಿ. ಬೊಂಬಾಯಿನಲ್ಲಿ ನಮಗೆ ಗೊತ್ತಿದ್ದವರೊಬ್ಬರು ಊರೂರಿಂದ ಹೆಪ್ಪು ಕೂಡಿಸ್ತಾರೆ. ಮುಂದೆ ಬಹಳ ಕೆಲಸಕ್ಕೆ ಬರ್ತದಂತೆ."

ಹೆಪ್ಪು ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ತಾನಾಗಿ ಫ್ರಿಜ್ಜಿನ ಹಿಂದಿನ ಸಾಲಿಗೆ ಹೋಯಿತು. ಹತ್ತಿ ಸುತ್ತಿ, ಒಂದು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಭದ್ರವಾಗಿಟ್ಟು ಕೊಟ್ಟೆ. ಇಟ್ಟಿದ್ದು ಉಪಯೋಗಕ್ಕೆ ಬಂತಲ್ಲ ಎಂದು ಖುಷಿಯೂ ಆಯಿತು. ಹರಿಹರದಲ್ಲಿ ಒಂದು ಕೆಲಸವಿದೆ, ಅಲ್ಲಿಂದಲೇ ಸಂಜೆಯ ಹುಬ್ಬಳ್ಳಿ ಗಾಡಿ ಹತ್ತುತ್ತೇನೆ ಎಂದು ಹೇಳಿ ಅವರು ಹೋದರು.

ಗೌಸ್ ಸಾಬ್ರು ಬಂದಾಗ ನಾನೇ ಸುದ್ದಿ ಹೇಳಿದೆ, ಪಕ್ಕದ ಮನೆಯವರು ಬಂದುಹೋದರು ಎನ್ನುವ ಹಾಗೆ. "ವಸಂತರಾಯರು ಬಂದಿದ್ರು ಸಾಬ್ರೇ. ಆನಗೋಡಿಂದು ಹೆಪ್ಪು ಬೇಕಂದ್ರು, ಕೊಟ್ಟೆ. ಹರಿಹರದಲ್ಲಿ ಹುಬ್ಬಳ್ಳಿ ಗಾಡಿ ಹತ್ತುತ್ತಾರಂತೆ."

"ಅದು ಎಲ್ಲೈತಿ ಕೊಡಾಕೆ? ಸುಟ್ಟೀಯಲ್ಲ."

"ಒಂದು ಇಟ್ಟಿದ್ದೆ. ಇರ್ಲಿ ಅಂತ."

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೆ ಅದು ಕೇಳಿಸಿತು. ಗೌಸ್ ಸಾಬ್ರು ಬೈಯುತ್ತಾರೆಂದು ಕಾದೆ. ಅವರು ಗೋಡೆ ಗಡಿಯಾರ ನೋಡಿದರು, ಐದೂವರೆ ದಾಟಿತ್ತು.

"ಗಾಡಿ ಎಷ್ಟೊತ್ತಿಗೆ?"

"ಆರೂವರೆಗೆ."

"ಕೊಡೆ ತಗೋ. ನಡಿ."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಳೆ ಹುಯ್ಯುತ್ತಿತ್ತು. ಒದ್ದೆ ಬಟ್ಟೆ, ಬೀಡಿ, ಯಾರದೋ ಬುಟ್ಟಿಯ ಮಂಡಕ್ಕಿ ಮೆಣಸಿನಕಾಯಿ, ಎಲ್ಲದರ ವಾಸನೆ. ಬೆಳಗಿನ ಜಾವದಿಂದ ಒಂದು ಹನಿ ನೀರಿಲ್ಲದ ಆ ಮನುಷ್ಯ ಕಂಬಿ ಹಿಡಿದು ನಿಂತೇ ಬಂದರು. ನಾನು ಅಳುತ್ತಿದ್ದೆ. "ಡಾಕ್ಟರಿಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಸಾಬ್ರೇ. ನಮ್ಮಪ್ಪನ ಕಣ್ಣು..." ಎಂದೆ. "ಮೊದ್ಲು ಡಬ್ಬಿ ಸಿಗ್ಲಿ. ಅದು ಸಿಗಲಿಲ್ಲ ಅಂದ್ರೆ ಯಾರ್ಯಾರ ಕಣ್ಣಾಗ ನೀರು ಬರ್ತೈತೋ ಯಾರಿಗೆ ಗೊತ್ತು," ಎಂದರು.

ಹರಿಹರದ ಸ್ಟೇಷನ್ನಿಗೆ ಓಡುತ್ತ ಹೋದಾಗ ಆರೂಮುಕ್ಕಾಲು. ನಮ್ಮ ಪುಣ್ಯಕ್ಕೆ ಗಾಡಿ ತಡ. ವಸಂತರಾಯರು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತು ನಿಪ್ಪಟ್ಟು ತಿನ್ನುತ್ತಿದ್ದರು. ಪೆಪ್ಪರ್‌ಮಿಂಟ್ ಡಬ್ಬಿ ಅದೇ ತಿಂಡಿಯ ಚೀಲದಲ್ಲಿತ್ತು. ಗೌಸ್ ಸಾಬ್ರು ಅವರ ಪಕ್ಕದಲ್ಲಿ ಕುಳಿತರು.

"ರಾಯರೇ, ಇದನ್ನ ಯಾತಕ್ಕೆ ಒಯ್ತೀರಿ?"

"ಅವರು ಕೇಳಿದ್ರು, ನಾನು ಹೂಂ ಅಂದೆ."

"ಅವರಿಗೆ ಯಾತಕ್ಕೆ?"

"ಅದೇನು ನಾನು ಕೇಳ್ಲಿಲ್ಲ ಸಾಬ್ರೇ. ಜೀನು, ಗೀನು ಅಂತಾರೆ. ಕೂಡಿಸಿಡ್ತಾರೆ. ಇರ್ಲಿ ಅಂತ."

ಗೌಸ್ ಸಾಬ್ರು ಹಣೆ ಉಜ್ಜಿಕೊಂಡರು. ಆಮೇಲೆ ತಮ್ಮ ತಂದೆಯ ಕುತ್ತಿಗೆಯ ಬೊಕ್ಕೆಯ ಕಥೆ ಹೇಳಿದರು. ಅಣ್ಣನ ಮುಂದೆ ಬಾಯಿ ಬಿಡದ ಮಾತನ್ನು ಗಾಜಿನ ಸಾಮಾನಿನವರ ಮುಂದೆ, ನಿಧಾನವಾಗಿ, ಒಂದು ಅಕ್ಷರ ಬಿಡದೆ ಹೇಳಿದರು. "ಇದನ್ನ ತಗೊಂಡೋರು ಒಳ್ಳೆಯವರೇ ಇರಬಹುದ್ರಿ. ಅವರಿಂದ ತಗೊಳ್ಳೋರು? ಅವರಿಂದ ಇನ್ನೊಬ್ಬರು? ಇಲ್ಲಿವರೆಗೂ ಯಾರೂ ಯಾತಕ್ಕೆ ಅಂತ ಕೇಳಿಲ್ಲ. ಈಕಿ ಕೇಳಲಿಲ್ಲ, ನೀವು ಕೇಳಲಿಲ್ಲ. ಈ ಬೆಂಚಿನ ಮ್ಯಾಲೆ ನಾನು ಕೇಳಾಕತ್ತೀನಿ." ವಸಂತರಾಯರ ಕೈಯಲ್ಲಿದ್ದ ನಿಪ್ಪಟ್ಟು ಹಾಗೇ ನಿಂತಿತ್ತು. ಅದನ್ನು ಕೆಳಗಿಟ್ಟು, ಚೀಲದಿಂದ ಡಬ್ಬಿಯನ್ನು ಎರಡೂ ಕೈಯಿಂದ ತೆಗೆದು ಕೊಟ್ಟರು. ತಿಂಡಿಯ ಪೊಟ್ಟಣವನ್ನೂ ಎಸೆದುಬಿಟ್ಟರು. ಕೆಟ್ಟವರೇನಲ್ಲ ಪಾಪ, ಆಮೇಲೂ ಬಹಳ ವರ್ಷ ನಮಗೆ ಗಾಜು ತಂದು ಕೊಟ್ಟರು.

ಗಾಡಿ ಬಂತು, ಹೋಯಿತು. ಅಷ್ಟರಲ್ಲಿ ಊರಿನೊಳಗಿನ ಮಸೀದಿಯಿಂದ ಅಜಾನ್ ಕೇಳಿಸಿತು. ರೋಜಾ ಬಿಡುವ ಹೊತ್ತು. ಗೌಸ್ ಸಾಬ್ರು ಪ್ಲಾಟ್‌ಫಾರಂ ನಲ್ಲಿಯ ಹತ್ತಿರ ಹೋದರು. ಎಡಗೈಯಲ್ಲಿ ಡಬ್ಬಿ. ಕೆಳಗಿಡಲು ಒಪ್ಪರು, ನನ್ನ ಕೈಗೂ ಕೊಡರು. ಕಡೆಗೆ ನಾನು ಟೀ ಅಂಗಡಿಯಿಂದ ಲೋಟ ತಂದು ನೀರು ಹಿಡಿದೆ. ಅವರು ಬಲಗೈ ತೊಳೆದುಕೊಂಡು ಅಂಗೈ ಒಡ್ಡಿದರು. ಒಂದೇ ಕೈ, ನಾನು ಸುರಿದೆ, ಅವರು ಕುಡಿದರು. ನನ್ನ ಜೀವನದಲ್ಲಿ ದೊಡ್ಡ ದೊಡ್ಡವರನ್ನು ಹತ್ತಿರದಿಂದ ನೋಡಿದ್ದೇನೆ. ಆ ಸಂಜೆಯ ಆ ಮನುಷ್ಯನಷ್ಟು ದೊಡ್ಡವರು ಇನ್ನೊಬ್ಬರು ನನಗೆ ಕಂಡಿಲ್ಲ.

"ಮನೀಗೆ ಹೋಗು. ನಿಮ್ಮಪ್ಪ ಕಾಯ್ತಿರ್ತಾರ," ಎಂದರು. "ಇದನ್ನ ಬೀಗದಾಗ ಇಡ್ತೀನಿ. ಬೆಳಿಗ್ಗೆ ಬಂದು ನಿನ್ನ ಕೈಯ್ಯಾರೆ ಕುದಿಸು."

ಬೆಳಿಗ್ಗೆ ಹೋಗಿ ನನ್ನ ಕೈಯ್ಯಾರೆ ಕುದಿಸಿದೆ, ಸುಟ್ಟೆ. ನನ್ನ ಮಟ್ಟಿಗೆ ಕಥೆ ಮುಗಿದಿತ್ತು. ಗೌಸ್ ಸಾಬ್ರು ರಿಜಿಸ್ಟರ್ ತಂದು ಮುಂದಿಟ್ಟರು.

"ಬರಿ."

"ಸಿಕ್ಕಿತಲ್ಲ ಸಾಬ್ರೇ. ಸುಟ್ಟಾಯ್ತಲ್ಲ. ಇನ್ನು ಬರೆದು ಯಾತಕ್ಕೆ? ಯಾರು ನೋಡ್ತಾರೆ?"

"ನೋಡೋರು ಇದ್ದಿದ್ರೆ ಅವರೇ ಬರಕೊಳ್ತಿದ್ರು. ಯಾರೂ ನೋಡಂಗಿಲ್ಲ, ಅದಕ್ಕೇ ನಾವು ಬರೀಬೇಕು." ಪೆನ್ನನ್ನು ನನ್ನ ಕಡೆ ಸರಿಸಿ, "ನಾನು ಬಲವಂತ ಮಾಡಂಗಿಲ್ಲ ಬೇಟಿ. ಮನಸ್ಸಿಗೆ ಬಂದ್ರೆ ಬರಿ," ಎಂದು ಹೋಗಿ ಗಾಜು ತೊಳೆಯತೊಡಗಿದರು.

ಅರ್ಧ ಗಂಟೆ ಆ ಖಾಲಿ ಸಾಲು ನೋಡುತ್ತ ಕುಳಿತಿದ್ದೆ. ಕೆಳಗೆ ಮೆಣಸಿನಕಾಯಿ ಚೀಲ ಬಿತ್ತು, ಸೀನಿದೆ. ಆಮೇಲೆ ಬರೆದೆ. ನೆರಡಿಯ ಹೆಪ್ಪು, ಆನಗೋಡಿನದು, ಒಂದು ಕೊಳವೆ, ಹೊರಗಿನವರಿಗೆ ಕೊಟ್ಟು ಮರಳಿ ತಂದು ಸುಟ್ಟದ್ದು, ನಾಗರತ್ನ. ಐದನೇ ಕಾಲಮ್ಮಿಗೆ ಬಂದಾಗ ಬೇರೆ ಮಾತು ಹೊಳೆಯಲೇ ಇಲ್ಲ. ಇದ್ದದ್ದನ್ನೇ ಬರೆದೆ: ಇರ್ಲಿ ಅಂತ.

ಆ ರಷ್ಯಾದ ಊರಿನ ಸಂಗತಿ ಹೊರಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರವೇ ನೆರಡಿಯನ್ನು ಆಯುಧಕ್ಕೆಂದು ಬೀಗದೊಳಗೆ ಇಟ್ಟುಕೊಂಡಿತ್ತಂತೆ. ಅಷ್ಟು ದೊಡ್ಡವರಿಗೆ ಆಗದ್ದು ನಮ್ಮ ಓಣಿಯಲ್ಲಿ ಆಯಿತಲ್ಲ ಎಂದು ಪತ್ರಿಕೆ ಓದುತ್ತ ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಅವತ್ತಿಗೆ ಗೌಸ್ ಸಾಬ್ರು ಇರಲಿಲ್ಲ, ಇದ್ದಿದ್ದರೆ ಹೋಗಿ ಹೇಳುತ್ತಿದ್ದೆ.

ಆ ಕೊಳವೆ ಸುಟ್ಟ ಮೇಲಿನ ಸೋಮವಾರ ಡಾಕ್ಟರು ಬಂದರು. ಎಂದಿನಂತೆ ರಿಜಿಸ್ಟರಿನ ಪುಟ ತಿರುವಿ, ಓದದೆ, ಕೆಳಗೆ ಸಹಿ ಮಾಡಲು ಪೆನ್ನು ಎತ್ತಿದರು. ಅವರು ಯಾವ ವಾರವೂ ಓದಿದವರಲ್ಲ. ಸುಮ್ಮನೆ ನಿಂತಿದ್ದರೆ ನನ್ನ ಕೆಲಸ, ಅಪ್ಪನ ಔಷಧಿ, ತಂಗಿಯರ ಶಾಲೆ ಎಲ್ಲ ಉಳಿಯುತ್ತಿತ್ತು. ಗೌಸ್ ಸಾಬ್ರು ಬೆನ್ನು ತಿರುಗಿಸಿ ಗಾಜು ತೊಳೆಯುತ್ತಿದ್ದರು. ನಲ್ಲಿಯ ನೀರಿನ ಸದ್ದು ನಿಂತಿತು.

"ಸಾರ್, ಓದಿ ಸಹಿ ಮಾಡ್ರಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನಾನು ಬಾಗಿಲ ಕಡೆ ನೋಡಿದೆ, ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂದು.

"ನೀನು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ, ಅಲ್ವಾ?" ಎಂದರು.

"ಹೌದು ಸಾರ್."

ಅವರು ಎದ್ದು ತಮ್ಮ ಕೋಣೆಗೆ ಹೋದರು. ಬೀರುವಿನ ಬೀಗ ತೆಗೆದ ಸದ್ದಾಯಿತು. ಲೆಕ್ಕ ಮುಗಿಸಿ ಕಳಿಸುತ್ತಾರೆ ಎಂದುಕೊಂಡೆ. ವಾಪಸು ಬಂದಾಗ ಅವರ ಕೈಯಲ್ಲಿ ಒಂದು ಗಾಜಿನ ಕೊಳವೆ ಇತ್ತು. ಚೀಟಿಯ ಮೇಲೆ ಅವರದೇ ಅಕ್ಷರದಲ್ಲಿ ಆನಗೋಡು ಎಂದಿತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿಟ್ಟರು.

"ಇದನ್ನೂ ಸುಟ್ಟುಬಿಡಿ ಗೌಸ್."

ಗೌಸ್ ಸಾಬ್ರು ಕೈ ಒರೆಸಿಕೊಂಡು ಬಂದರು. ರಿಜಿಸ್ಟರನ್ನು ಡಾಕ್ಟರ ಕಡೆ ತಿರುಗಿಸಿದರು. ಡಾಕ್ಟರು ನನ್ನ ಸಾಲಿನ ಕೆಳಗೆ ಏನು, ಎಲ್ಲಿಂದ, ಎಷ್ಟು, ಯಾರಿಗೆ ಎಂದು ನಾಲ್ಕೂ ತುಂಬಿಸಿದರು. ಐದನೇ ಕಾಲಮ್ಮಿನ ಹತ್ತಿರ ಪೆನ್ನು ನಿಂತಿತು. ಮೇಲೆ ನಾನು ಬರೆದದ್ದನ್ನು ಇನ್ನೊಂದು ಸಲ ನೋಡಿ, ಅದರ ಕೆಳಗೆ "ಸದರಿ" ಎಂದು ಬರೆದರು.

ಆ ಕಾಲಮ್ಮಿನಲ್ಲಿ ಸದರಿ ಬರೆದರೆ ಎಂದೂ ಒಪ್ಪದ ಗೌಸ್ ಸಾಬ್ರು ಅವತ್ತು ಅದನ್ನು ಹಾಗೇ ಬಿಟ್ಟರು.